ಯುಪಿಐ ಮೊತ್ತವೇ ವಹಿವಾಟಲ್ಲ: ಸಣ್ಣ ಅಂಗಡಿಯವರು ಜಿಎಸ್‌ಟಿ ಲೆಕ್ಕವನ್ನು ಯಾವ ಕ್ರಮದಲ್ಲಿ ಮಾಡಬೇಕು

2025ರ ಜುಲೈನಲ್ಲಿ ಕರ್ನಾಟಕದ ವಾಣಿಜ್ಯ ತೆರಿಗೆ ಇಲಾಖೆ ಯುಪಿಐ ಲೆಕ್ಕ ಹಿಡಿದು, ಜಿಎಸ್‌ಟಿ ನೋಂದಣಿಯ ಮಿತಿ ದಾಟಿದ್ದೀರಿ ಎಂದು ಬೇಕರಿ, ಕಾಂಡಿಮೆಂಟ್ಸ್, ತರಕಾರಿ ಅಂಗಡಿಗಳಿಗೆ ನೋಟಿಸ್ ಕಳಿಸಿತು. ಅವತ್ತಿನಿಂದ ಅಂಗಡಿಯವರು ಒಂದೇ ತಪ್ಪನ್ನು ಮತ್ತೆ ಮತ್ತೆ ಮಾಡುತ್ತಿದ್ದಾರೆ. ಕೆಲವರು ಸ್ಕ್ಯಾನರ್ ಕಿತ್ತುಹಾಕಿ 'ನಗದು ಮಾತ್ರ' ಅಂತ ಬೋರ್ಡ್ ಹಾಕಿದರು. ಕೆಲವರು ಗಾಬರಿಯಲ್ಲಿ ಯಾರದೋ ಕೈಗೆ ಪ್ಯಾನು, ಆಧಾರು, ಓಟಿಪಿ ಎಲ್ಲಾ ಕೊಟ್ಟು ನೋಂದಣಿ ಮಾಡಿಸಿಕೊಂಡರು. ಆಮೇಲೆ ರಿಟರ್ನ್ ಹಾಕದೆ ದಂಡ ಕಟ್ಟುತ್ತಿದ್ದಾರೆ.

ಎರಡೂ ಕಡೆ ತಪ್ಪಿರುವುದು ಕ್ರಮ. ಮೊದಲು ಲೆಕ್ಕ, ಆಮೇಲೆ ಮಿತಿ, ಆಮೇಲೆ ಪದ್ಧತಿಯ ಆಯ್ಕೆ, ಕೊನೆಗೆ ನೋಂದಣಿ. ಇದನ್ನು ತಿರುಗಿಸಿ ಮಾಡಿದರೆ ದುಡ್ಡು ಹೋಗುತ್ತದೆ. ಹಳೆ ಬಾಕಿ ವಸೂಲಿ ಮಾಡುವುದಿಲ್ಲ ಎಂದು ಮುಖ್ಯಮಂತ್ರಿ ಸಿದ್ದರಾಮಯ್ಯ ಅದೇ ಜುಲೈ 23ರಂದು ಹೇಳಿದ್ದರು. ಆದರೆ ಮಿತಿ ದಾಟಿದವರು ಇನ್ನು ಮುಂದೆ ನೋಂದಣಿ ಮಾಡಿಸಲೇಬೇಕು ಎಂದೂ ಹೇಳಿದ್ದರು. ಎರಡನೆಯ ಮಾತು ತುಂಬಾ ಜನರ ಕಿವಿಗೆ ಬಿದ್ದೇ ಇಲ್ಲ.

## ಶುರು ಮಾಡುವ ಮೊದಲು ಕೈಯಲ್ಲಿ ಏನೇನು ಇರಬೇಕು

ಏಪ್ರಿಲ್ 1ರಿಂದ ಮಾರ್ಚ್ 31ರವರೆಗಿನ ಬ್ಯಾಂಕ್ ಸ್ಟೇಟ್‌ಮೆಂಟ್ ಬೇಕು. ಅಂಗಡಿಯ ಹಣ ಬಿದ್ದಿರುವ ಎಲ್ಲಾ ಖಾತೆಗಳದ್ದೂ ಬೇಕು. ಪಿಡಿಎಫ್ ಬೇಡ, ಎಕ್ಸೆಲ್ ರೂಪದಲ್ಲಿ ಇಳಿಸಿಕೊಳ್ಳಿ. ನೆಟ್‌ಬ್ಯಾಂಕಿಂಗ್‌ನಲ್ಲಿ ಸಿಗುತ್ತದೆ, ಇಲ್ಲದಿದ್ದರೆ ಶಾಖೆಯಲ್ಲಿ ಕೇಳಿ ಇಮೇಲ್ ಮಾಡಿಸಿಕೊಳ್ಳಿ. ಫೋನಿನ ಪೇಮೆಂಟ್ ಆ್ಯಪ್‌ನ ಇತಿಹಾಸವನ್ನು ಮಾತ್ರ ನಂಬಬೇಡಿ. ಎರಡು ಆ್ಯಪ್ ಬಳಸಿದ್ದರೆ ಅರ್ಧ ಲೆಕ್ಕ ಇನ್ನೊಂದರಲ್ಲಿ ಇರುತ್ತದೆ.

ಇದರ ಜೊತೆ ಕೊಂಡ ಸರಕಿನ ಬಿಲ್ಲುಗಳು ಬೇಕು. ಹಾಲಿನವರ ಚೀಟಿ, ಹೋಲ್‌ಸೇಲ್ ಅಂಗಡಿಯ ಬಿಲ್ಲು, ಕಂಪನಿ ಏಜೆನ್ಸಿಯ ಬಿಲ್ಲು, ಯಾವುದನ್ನೂ ಎಸೆಯಬೇಡಿ. ಯುಪಿಐ ಸಾಲಿನಲ್ಲಿ ಎಷ್ಟು ಬಂತು ಅಂತ ಇರುತ್ತದೆ, ಏನು ಮಾರಿದಿರಿ ಅಂತ ಇರುವುದಿಲ್ಲ. ಅದನ್ನು ಹೇಳುವುದು ಕೊಂಡ ಬಿಲ್ಲು ಮಾತ್ರ.

ನಗದು ವ್ಯಾಪಾರಕ್ಕೆ ಒಂದು ನೋಟ್‌ಬುಕ್ ಸಾಕು. ಈಗ ಇಲ್ಲದಿದ್ದರೆ ಇವತ್ತಿನಿಂದಲೇ ಶುರು ಮಾಡಿ. ರಾತ್ರಿ ಅಂಗಡಿ ಮುಚ್ಚುವಾಗ ಗಲ್ಲಾದಲ್ಲಿ ಎಷ್ಟಿತ್ತು ಅಂತ ದಿನಕ್ಕೆ ಒಂದು ಸಾಲು ಬರೆದಿಡಿ.

## ಹಂತ 1: ಬಂದ ಹಣವನ್ನು ಬೇರೆ ಬೇರೆ ಮಾಡಿ

ಎಲ್ಲಕ್ಕಿಂತ ಜಾಸ್ತಿ ಸಮಯ ಕೊಡಬೇಕಾದ ಹಂತ ಇದು. ಎಲ್ಲರೂ ಬಿಟ್ಟುಬಿಡುವುದೂ ಇದನ್ನೇ.

ಎಕ್ಸೆಲ್‌ನಲ್ಲಿ ಜಮಾ ಆದ ಸಾಲುಗಳನ್ನು ಮಾತ್ರ ಇಟ್ಟುಕೊಳ್ಳಿ. ಪಕ್ಕದಲ್ಲಿ ಒಂದು ಹೊಸ ಕಾಲಂ ಮಾಡಿ, ಪ್ರತಿ ಸಾಲಿಗೂ ಒಂದು ಗುರುತು ಹಾಕಿ: ಮಾರಾಟ, ಕೈಸಾಲ, ಚೀಟಿ, ಮನೆಯವರು ಕಳಿಸಿದ್ದು, ನನ್ನದೇ ಇನ್ನೊಂದು ಖಾತೆಯಿಂದ ಬಂದದ್ದು, ವಾಪಸ್ ಬಂದ ಹಣ. ಸಾವಿರಾರು ಸಾಲು ಇರುತ್ತವೆ, ನಿಜ. ಮೊತ್ತದ ಪ್ರಕಾರ ದೊಡ್ಡದರಿಂದ ಚಿಕ್ಕದಕ್ಕೆ ಜೋಡಿಸಿದರೆ ಕೆಲಸ ಸುಲಭವಾಗುತ್ತದೆ, ಯಾಕೆಂದರೆ ಕಾಂಡಿಮೆಂಟ್ಸ್ ಅಂಗಡಿಯಲ್ಲಿ ಒಂದೇ ಸಲ 5,000 ರೂ.ಗೆ ಯಾರೂ ಬಿಸ್ಕತ್ತು ತೆಗೆದುಕೊಳ್ಳುವುದಿಲ್ಲ, ಅಂಥ ದೊಡ್ಡ ಸಾಲುಗಳೇ ಹೆಚ್ಚಾಗಿ ಕೈಸಾಲ, ಚೀಟಿ ಅಥವಾ ಊರಿನಿಂದ ಬಂದ ಹಣ ಆಗಿರುತ್ತವೆ. ಮೇಲಿನ ಇನ್ನೂರು ಮುನ್ನೂರು ಸಾಲು ನೋಡಿದರೆ ಸಾಕು. ಕೆಳಗಿನ ಸಣ್ಣ ಸಾಲುಗಳು ಬಹುತೇಕ ಮಾರಾಟವೇ. ಬೆಳಿಗ್ಗೆ ಆರು, ಆರೂವರೆಗೆ ಒಂದು ಹಾಲಿನ ಪೊಟ್ಟಣದ ಬೆಲೆಗೋ ಎರಡರ ಬೆಲೆಗೋ ಸರಿಯಾಗಿ ಹೊಂದುವ ಸಾಲುಗಳು ಸಾಲುಗಟ್ಟಿ ಕಾಣುತ್ತವೆ. ಅವು ಹಾಲಿನವು ಅಂತ ನಿಮಗೆ ಬೇರೆ ಯಾರೂ ಹೇಳಬೇಕಾಗಿಲ್ಲ.

ಒಂದು ಉದಾಹರಣೆ ಲೆಕ್ಕ ಇಟ್ಟುಕೊಳ್ಳೋಣ. ಅಂಗಡಿಗೆ ವರ್ಷದಲ್ಲಿ ಯುಪಿಐ ಮೂಲಕ ಬಂದದ್ದು 51,20,000 ರೂ. ಅದರಲ್ಲಿ ಕೈಸಾಲ 3,40,000, ಚೀಟಿ ಎತ್ತಿದ್ದು 2,00,000, ಸ್ವಂತ ಖಾತೆಯಿಂದ ಹಾಕಿಕೊಂಡದ್ದು 1,80,000. ಇಷ್ಟನ್ನು ಕಳೆದರೆ ಯುಪಿಐ ಮಾರಾಟ 44,00,000. ನಗದು ಮಾರಾಟ 9,00,000 ಅಂತ ಇಟ್ಟುಕೊಳ್ಳಿ. ಒಟ್ಟು ಮಾರಾಟ 53,00,000.

ನಗದು ಸೇರಿಸಿದ್ದು ಯಾಕೆ? ತೆರಿಗೆ ಬೀಳುವುದು ಮಾರಿದ ಸರಕಿನ ಮೇಲೆ, ಹಣ ಹೇಗೆ ಬಂತು ಅನ್ನುವುದರ ಮೇಲೆ ಅಲ್ಲ. ಯುಪಿಐಗೆ ಅಂತ ಬೇರೆ ತೆರಿಗೆ ಇಲ್ಲ. ಸ್ಕ್ಯಾನರ್ ಕಿತ್ತರೆ ಗಿರಾಕಿ ಹೋಗುತ್ತಾನೆ, ತೆರಿಗೆ ಹೋಗುವುದಿಲ್ಲ. ಆ ನಗದನ್ನು ಬ್ಯಾಂಕಿಗೆ ಹಾಕಿದರೂ ಅದು ಕಾಣುತ್ತದೆ. ಉಳಿತಾಯ ಖಾತೆಗೆ ವರ್ಷಕ್ಕೆ 10 ಲಕ್ಷ ಅಥವಾ ಅದಕ್ಕಿಂತ ಜಾಸ್ತಿ ನಗದು ಬಿದ್ದರೆ ಬ್ಯಾಂಕೇ ಆದಾಯ ತೆರಿಗೆ ಇಲಾಖೆಗೆ ವರದಿ ಮಾಡುತ್ತದೆ.

ಈಗ 53 ಲಕ್ಷವನ್ನು ತೆರಿಗೆ ಇರುವ ಸರಕು, ಇಲ್ಲದ ಸರಕು ಅಂತ ಒಡೆಯಬೇಕು. ಇಲ್ಲಿ ಕೊಂಡ ಬಿಲ್ಲು ಕೆಲಸಕ್ಕೆ ಬರುತ್ತದೆ. ವರ್ಷಕ್ಕೆ ಎಷ್ಟರ ಹಾಲು, ಬ್ರೆಡ್, ತರಕಾರಿ, ಮೊಟ್ಟೆ ಕೊಂಡಿರಿ ನೋಡಿ, ಅದಕ್ಕೆ ನಿಮ್ಮ ಲಾಭಾಂಶ ಸೇರಿಸಿ. ನಮ್ಮ ಉದಾಹರಣೆಯಲ್ಲಿ ಅದು 29,00,000 ಬಂತು ಅಂದುಕೊಳ್ಳಿ. ತೆರಿಗೆ ಇರುವ ಮಾರಾಟ ಉಳಿದದ್ದು 24,00,000.

51 ಲಕ್ಷ ಇದ್ದದ್ದು 24 ಲಕ್ಷಕ್ಕೆ ಬಂತು. ಈ ಕೆಲಸ ಮಾಡದೆ ಪೂರ್ತಿ 51,20,000ಕ್ಕೆ ಶೇ. 18 ಹಾಕಿದರೆ 9,21,600 ರೂ. ಆಗುತ್ತದೆ. ನೋಟಿಸ್‌ಗಳಲ್ಲಿ ಜನ ಹೌಹಾರಿದ ಮೊತ್ತಗಳು ಹುಟ್ಟಿದ್ದು ಇಂಥ ಲೆಕ್ಕದಿಂದಲೇ.

ತಪ್ಪುವುದು ಎಲ್ಲಿ: ಹೆಂಡತಿಯ ಅಥವಾ ಮಗನ ಫೋನಿನ ಸ್ಕ್ಯಾನರ್ ಅಂಗಡಿಯಲ್ಲಿ ಇಟ್ಟಿರುತ್ತಾರೆ, ಆ ಖಾತೆಯನ್ನು ಲೆಕ್ಕಕ್ಕೇ ತರುವುದಿಲ್ಲ. ಅಂಗಡಿಯ ಮಾರಾಟ ಯಾರ ಖಾತೆಗೆ ಬಿದ್ದರೂ ಅದು ಅಂಗಡಿಯದ್ದೇ. ಒಂದೇ ಅಂಗಡಿಯನ್ನು ಮನೆಯ ಮೂವರ ಹೆಸರಲ್ಲಿ ಹಂಚಿ ಮಿತಿಯೊಳಗೆ ಕೂರಿಸುವ ಸಲಹೆ ಯಾರಾದರೂ ಕೊಟ್ಟರೆ ಒಪ್ಪಬೇಡಿ. ಮೂರು ಜನಕ್ಕೂ ನೋಟಿಸ್ ಬರುವ ದಾರಿ ಅದು.

## ಹಂತ 2: ನಿಮ್ಮ ಮಿತಿ 40 ಲಕ್ಷವಾ, 20 ಲಕ್ಷವಾ?

ಸರಕು ಮಾತ್ರ ಮಾರುವವರಿಗೆ ಕರ್ನಾಟಕದಲ್ಲಿ ವರ್ಷಕ್ಕೆ 40 ಲಕ್ಷ. ಸೇವೆ ಕೊಡುವವರಿಗೆ 20 ಲಕ್ಷ. ಇಷ್ಟು ಎಲ್ಲರಿಗೂ ಗೊತ್ತು. ಜನ ಎಡವುವುದು ಇದರ ಅಂಚಿನಲ್ಲಿ.

ಮಿತಿ ನೋಡುವಾಗ ತೆರಿಗೆ ಇಲ್ಲದ ಸರಕೂ ಸೇರುತ್ತದೆ. ನಮ್ಮ ಉದಾಹರಣೆಯ ಅಂಗಡಿಯಲ್ಲಿ ತೆರಿಗೆ ಇರುವ ಮಾರಾಟ 24 ಲಕ್ಷವೇ ಆದರೂ ಮಿತಿಗೆ ಹಿಡಿಯುವುದು 53 ಲಕ್ಷ. ಹಾಗಾಗಿ ನೋಂದಣಿ ಬೇಕು. ತೆರಿಗೆ ಮಾತ್ರ 24 ಲಕ್ಷದ ಮೇಲೆ. ಈ ಎರಡು ಸಂಖ್ಯೆಗಳನ್ನು ಒಂದೇ ಅಂದುಕೊಂಡವರೇ ಜಾಸ್ತಿ.

ಪೂರ್ತಿ ತೆರಿಗೆ ಇಲ್ಲದ ಸರಕನ್ನೇ ಮಾರುವವರಿಗೆ, ಅಂದರೆ ಬರೀ ತರಕಾರಿ, ಹಣ್ಣು ಅಥವಾ ಬರೀ ಹಾಲು ಮಾರುವವರಿಗೆ, ಒಂದು ಕೋಟಿ ವ್ಯಾಪಾರ ಆದರೂ ನೋಂದಣಿ ಬೇಕಾಗಿಲ್ಲ. ಆದರೆ ತರಕಾರಿ ಅಂಗಡಿಯ ಮೂಲೆಯಲ್ಲಿ ಚಿಪ್ಸ್, ಜ್ಯೂಸ್ ಇಟ್ಟರೆ ಈ ವಿನಾಯಿತಿ ಹೋಗುತ್ತದೆ, ಒಟ್ಟು ವಹಿವಾಟು ಲೆಕ್ಕಕ್ಕೆ ಬರುತ್ತದೆ.

ಹೋಟೆಲ್, ದರ್ಶಿನಿ, ಮೆಸ್, ಟೀ ಅಂಗಡಿ ಎಲ್ಲವೂ ಸೇವೆ. ಮಿತಿ 20 ಲಕ್ಷ. ದಿನಕ್ಕೆ 5,500 ರೂ. ವ್ಯಾಪಾರ ಆದರೆ ವರ್ಷಕ್ಕೆ 20 ಲಕ್ಷ ದಾಟಿಬಿಡುತ್ತದೆ. ಬಟ್ಟೆ ಮಾರಿ ಅಲ್ಲೇ ಹೊಲಿದು ಕೊಡುವವರು, ಮೊಬೈಲ್ ಮಾರಿ ರಿಪೇರಿಯನ್ನೂ ಮಾಡುವವರು ಸರಕು ಮಾತ್ರ ಮಾರುವವರಲ್ಲ. ಅವರಿಗೂ 20 ಲಕ್ಷವೇ.

ತುಂಬಾ ಜನರಿಗೆ ಗೊತ್ತಿಲ್ಲದ ಇನ್ನೊಂದು ವಿಷಯ ಇದೆ. ಐಸ್‌ಕ್ರೀಂ, ಪಾನ್ ಮಸಾಲ, ಬೀಡಿ, ಸಿಗರೇಟು ಮುಂತಾದ ತಂಬಾಕಿನ ಸರಕು ಮಾರುವವರಿಗೆ 40 ಲಕ್ಷದ ರಿಯಾಯಿತಿ ಇಲ್ಲ. ಕಾಂಡಿಮೆಂಟ್ಸ್ ಅಂಗಡಿಯ ಮುಂದೆ ಸಿಗರೇಟಿನ ಡಬ್ಬ ಇದ್ದರೆ ನಿಮ್ಮ ಮಿತಿಯನ್ನು 20 ಲಕ್ಷ ಅಂತಲೇ ಇಟ್ಟುಕೊಂಡು ಲೆಕ್ಕ ಮಾಡಿ.

ಬೇರೆ ರಾಜ್ಯಕ್ಕೆ ಸರಕು ಮಾರಿದರೆ, ಕೆಲವು ಕರಕುಶಲ ವಸ್ತುಗಳನ್ನು ಬಿಟ್ಟು, ಮೊದಲ ರೂಪಾಯಿಯಿಂದಲೇ ನೋಂದಣಿ ಬೇಕು. ಬೆಳಗಾವಿಯಿಂದ ಕೊಲ್ಹಾಪುರಕ್ಕೆ, ಬಳ್ಳಾರಿಯಿಂದ ಆಂಧ್ರಕ್ಕೆ ಸರಕು ಕಳಿಸುವವರು ಇದನ್ನು ಗಮನಿಸಿ.

ಮಿತಿ ದಾಟಿದ ದಿನದಿಂದ 30 ದಿನದೊಳಗೆ ಅರ್ಜಿ ಹಾಕಬೇಕು. ಅಷ್ಟರೊಳಗೆ ಹಾಕಿದರೆ ಮಿತಿ ದಾಟಿದ ದಿನದಿಂದಲೇ ನೋಂದಣಿ ಲೆಕ್ಕ, ಏಪ್ರಿಲ್‌ವರೆಗೆ ಹಿಂದಕ್ಕೆ ಹೋಗಿ ತೆರಿಗೆ ಕಟ್ಟಬೇಕಿಲ್ಲ. ಅದಕ್ಕೇ ಏಪ್ರಿಲ್ 1ರಿಂದ ಪ್ರತಿ ತಿಂಗಳ ಕೊನೆಗೆ ಒಟ್ಟು ಮಾರಾಟ ಕೂಡಿಸಿ ಬರೆದಿಡಿ. 35 ಲಕ್ಷಕ್ಕೆ ಬಂದಾಗಲೇ ಕಾಗದಪತ್ರ ಜೋಡಿಸಲು ಶುರು ಮಾಡಿ. ಹೋಟೆಲ್‌ನವರು 17 ಲಕ್ಷಕ್ಕೇ ಶುರು ಮಾಡಿ.

## ಹಂತ 3: ಅಂಗಡಿಯ ಸರಕಿಗೆ ಈಗಿನ ದರ ಬರೆಯಿರಿ

2025ರ ಸೆಪ್ಟೆಂಬರ್ 22ರಿಂದ ಜಿಎಸ್‌ಟಿ ದರ ಬದಲಾಗಿದೆ. ಶೇ. 12 ಮತ್ತು ಶೇ. 28ರ ಹಂತ ಹೆಚ್ಚುಕಡಿಮೆ ಹೋಯಿತು. ಮುಖ್ಯವಾಗಿ ಉಳಿದದ್ದು ಶೇ. 5 ಮತ್ತು ಶೇ. 18, ಜೊತೆಗೆ ತಂಪು ಪಾನೀಯದಂಥ ಕೆಲವಕ್ಕೆ ಶೇ. 40. ಹಳೆ ಪಟ್ಟಿ ಗೋಡೆಗೆ ಅಂಟಿಸಿಕೊಂಡಿದ್ದರೆ ತೆಗೆಯಿರಿ.

ಬಿಸ್ಕತ್ತು, ಚಾಕೊಲೇಟ್, ಕೇಕ್, ಮೈಸೋಪು, ಶಾಂಪೂ, ತಲೆಗೆ ಹಚ್ಚುವ ಎಣ್ಣೆ, ಟೂತ್‌ಪೇಸ್ಟ್ ಶೇ. 18ರಿಂದ 5ಕ್ಕೆ ಇಳಿದವು. ತುಪ್ಪ, ಬೆಣ್ಣೆ, ಖಾರದ ತಿಂಡಿ ಪೊಟ್ಟಣ ಶೇ. 12ರಿಂದ 5ಕ್ಕೆ ಬಂದವು. ಶಾಲೆಯ ನೋಟ್‌ಬುಕ್, ಪೆನ್ಸಿಲ್, ರಬ್ಬರ್‌ಗೆ ಈಗ ತೆರಿಗೆ ಇಲ್ಲ. ಪೊಟ್ಟಣದ ಪನೀರಿಗೂ ಇಲ್ಲ. ಬಟ್ಟೆ ಒಗೆಯುವ ಪುಡಿ ಮಾತ್ರ ಶೇ. 18ರಲ್ಲೇ ಇದೆ. 'ಸೋಪು ಅಗ್ಗವಾಯಿತು' ಅಂತ ಕೇಳಿ ಅದನ್ನೂ ಶೇ. 5ಕ್ಕೆ ಸೇರಿಸುವವರಿದ್ದಾರೆ, ಹಾಗೆ ಮಾಡಬೇಡಿ.

ಒಂದೇ ಕಪಾಟಿನಲ್ಲಿ ಅಕ್ಕಪಕ್ಕ ಇದ್ದರೂ ದರ ಬೇರೆ ಇರಬಹುದು. ಹಾಲಿಗೆ ತೆರಿಗೆ ಇಲ್ಲ, ಪೊಟ್ಟಣದ ಮೊಸರು, ಮಜ್ಜಿಗೆಗೆ ಶೇ. 5 ಇದೆ. ಬಿಡಿಯಾಗಿ ತೂಗಿ ಕೊಡುವ ಅಕ್ಕಿ, ಬೇಳೆಗೆ ಇಲ್ಲ, ಲೇಬಲ್ ಹಾಕಿದ 25 ಕೆಜಿವರೆಗಿನ ಪೊಟ್ಟಣಕ್ಕೆ ಶೇ. 5 ಇದೆ. ಬ್ರೆಡ್ಡಿಗೆ ಇಲ್ಲ, ಅದರ ಪಕ್ಕದ ಕೇಕಿಗೆ ಇದೆ. ಅನುಮಾನ ಬಂದರೆ ಏಜೆನ್ಸಿಯವರು ಕೊಟ್ಟ ಹೊಸ ಬಿಲ್ಲಿನಲ್ಲಿ ದರ ನೋಡಿ, ಅದನ್ನೇ ಬರೆದುಕೊಳ್ಳಿ.

## ಹಂತ 4: ಕಾಂಪೋಸಿಷನ್ ಅಥವಾ ರೆಗ್ಯುಲರ್

ಇಲ್ಲಿ ಸ್ವಲ್ಪ ನಿಧಾನವಾಗಿ ಓದಿ. ಕಾಂಪೋಸಿಷನ್ ಅಂದರೆ ಮಾರಾಟದ ಮೇಲೆ ಒಂದೇ ಸಣ್ಣ ದರದಲ್ಲಿ ತೆರಿಗೆ ಕಟ್ಟುವ ಸರಳ ಪದ್ಧತಿ. ರೆಗ್ಯುಲರ್ ಅಂದರೆ ಗಿರಾಕಿಯಿಂದ ಬಂದ ತೆರಿಗೆಯಲ್ಲಿ ನೀವು ಕೊಳ್ಳುವಾಗ ಕೊಟ್ಟದ್ದನ್ನು ಕಳೆದು ಉಳಿದದ್ದನ್ನು ಕಟ್ಟುವ ಮಾಮೂಲಿ ಪದ್ಧತಿ. 'ಸಣ್ಣ ಅಂಗಡಿನಾ? ಕಾಂಪೋಸಿಷನ್ ತಗೊಳ್ಳಿ, ಶೇ. 1 ಕಟ್ಟಿ ಆರಾಮಾಗಿರಿ' ಅಂತ ಎಲ್ಲರೂ ಹೇಳುತ್ತಾರೆ. ಶೇ. 18ರ ಸರಕು ಜಾಸ್ತಿ ಇದ್ದಾಗ ಆ ಮಾತು ಸರಿ ಇತ್ತು. ದರ ಇಳಿದ ಮೇಲೆ ಎಲ್ಲರಿಗೂ ಸರಿ ಹೊಂದುವುದಿಲ್ಲ.

ಮೊದಲು ನಿಯಮ. ಸರಕು ಮಾರುವವರು ಮತ್ತು ಹೋಟೆಲ್‌ನವರು ವಹಿವಾಟು 1.5 ಕೋಟಿಯೊಳಗಿದ್ದರೆ ಕಾಂಪೋಸಿಷನ್‌ಗೆ ಹೋಗಬಹುದು. ವ್ಯಾಪಾರಿಗೆ ತೆರಿಗೆ ಇರುವ ಮಾರಾಟದ ಮೇಲೆ ಶೇ. 1, ಹೋಟೆಲ್‌ಗೆ ಶೇ. 5. ಬೇರೆ ಸೇವೆಯವರಿಗೆ 50 ಲಕ್ಷದವರೆಗೆ ಶೇ. 6. ಈ ತೆರಿಗೆಯನ್ನು ಗಿರಾಕಿಯಿಂದ ತೆಗೆದುಕೊಳ್ಳುವಂತಿಲ್ಲ, ನಿಮ್ಮ ಲಾಭದಿಂದ ಕಟ್ಟಬೇಕು. ಸರಕು ಕೊಳ್ಳುವಾಗ ಕೊಟ್ಟ ಜಿಎಸ್‌ಟಿ ವಾಪಸ್ ಸಿಗುವುದಿಲ್ಲ. ಬೇರೆ ರಾಜ್ಯಕ್ಕೆ ಮಾರುವಂತಿಲ್ಲ.

ಈಗ ಲೆಕ್ಕ. ಶೇ. 5ರ ಸರಕನ್ನು ನೀವು 100 ರೂ. ಮತ್ತು 5 ರೂ. ತೆರಿಗೆ ಸೇರಿ 105ಕ್ಕೆ ಕೊಂಡಿರಿ. ಶೇ. 10 ಲಾಭ ಇಟ್ಟು ತೆರಿಗೆ ಸೇರಿ 115.50ಕ್ಕೆ ಮಾರಿದಿರಿ. ರೆಗ್ಯುಲರ್ ಆದರೆ ಗಿರಾಕಿಯಿಂದ ಬಂದ ತೆರಿಗೆ 5.50, ಕೊಳ್ಳುವಾಗ ಕೊಟ್ಟದ್ದು 5. ಸರ್ಕಾರಕ್ಕೆ ಕಟ್ಟುವುದು 50 ಪೈಸೆ, ನಿಮಗೆ ಉಳಿಯುವುದು 10 ರೂ. ಕಾಂಪೋಸಿಷನ್ ಆದರೆ 115.50ರ ಮೇಲೆ ಶೇ. 1, ಅಂದರೆ ಸುಮಾರು 1.15 ರೂ. ಉಳಿಯುವುದು 9.35. ರೆಗ್ಯುಲರ್‌ನಲ್ಲೇ ತೆರಿಗೆ ಕಡಿಮೆ.

ಅದೇ ಲೆಕ್ಕವನ್ನು ಶೇ. 18ರ ಸರಕಿಗೆ ಹಾಕಿ. 118ಕ್ಕೆ ಕೊಂಡು 129.80ಕ್ಕೆ ಮಾರಿದರೆ ರೆಗ್ಯುಲರ್‌ನಲ್ಲಿ 1.80 ಕಟ್ಟಬೇಕು, ಕಾಂಪೋಸಿಷನ್‌ನಲ್ಲಿ ಸುಮಾರು 1.30. ಇಲ್ಲಿ ಕಾಂಪೋಸಿಷನ್ ಮೇಲು.

ಹೀಗೇ ಲೆಕ್ಕ ಹಾಕುತ್ತಾ ಹೋದರೆ, ಶೇ. 5ರ ಸರಕಿನಲ್ಲಿ ಲಾಭಾಂಶ ಸುಮಾರು ಶೇ. 27 ದಾಟಿದ ಮೇಲೆ ಮಾತ್ರ ಕಾಂಪೋಸಿಷನ್ ಅಗ್ಗ. ಶೇ. 18ರ ಸರಕಿನಲ್ಲಿ ಶೇ. 7 ದಾಟಿದರೆ ಸಾಕು. ಬಿಸ್ಕತ್ತು, ಸೋಪು ಮಾರುವ ಅಂಗಡಿಗೆ ಶೇ. 27 ಲಾಭ ಎಲ್ಲಿ ಸಿಗುತ್ತದೆ ಹೇಳಿ?

ಉದಾಹರಣೆಯ ಅಂಗಡಿಗೆ ಇದನ್ನು ಹಾಕಿದರೆ, 24 ಲಕ್ಷದ ಮೇಲೆ ಕಾಂಪೋಸಿಷನ್ ತೆರಿಗೆ ವರ್ಷಕ್ಕೆ 24,000. ಅಷ್ಟೂ ಶೇ. 5ರ ಸರಕಾಗಿ ಲಾಭಾಂಶ ಶೇ. 10 ಆಗಿದ್ದರೆ ರೆಗ್ಯುಲರ್‌ನಲ್ಲಿ ಸುಮಾರು 10,400. ಉಳಿತಾಯ 13,600. ಆದರೆ ರೆಗ್ಯುಲರ್‌ಗೆ ಹೋದರೆ ಮಾರಾಟದ ಬಿಲ್ಲು, ರಿಟರ್ನ್, ಆಡಿಟರ್ ಫೀಸು ಎಲ್ಲಾ ಜಾಸ್ತಿ. ಆಡಿಟರ್ ಹೆಚ್ಚುವರಿಯಾಗಿ ವರ್ಷಕ್ಕೆ 13,600ಕ್ಕಿಂತ ಜಾಸ್ತಿ ಕೇಳಿದರೆ ಉಳಿತಾಯ ಅಲ್ಲೇ ಮುಗಿಯಿತು. ಜೊತೆಗೆ, ನಿಮಗೆ ಸರಕು ಮಾರುವ ಅಂಗಡಿಯವರು ನಿಮ್ಮ ಜಿಎಸ್‌ಟಿ ಸಂಖ್ಯೆ ಹಾಕಿ ಬಿಲ್ಲು ಕೊಟ್ಟು ಅದನ್ನು ತಮ್ಮ ರಿಟರ್ನ್‌ನಲ್ಲಿ ತೋರಿಸಿದರೆ ಮಾತ್ರ ನಿಮಗೆ ಆ ತೆರಿಗೆ ವಾಪಸ್. ಜಿಎಸ್‌ಟಿ ಬಿಲ್ಲಿಲ್ಲದೆ ಬಿಳಿ ಚೀಟಿಯಲ್ಲಿ ಸರಕು ತರುವ ಅಭ್ಯಾಸ ಇದ್ದರೆ ರೆಗ್ಯುಲರ್ ಲೆಕ್ಕ ಪೂರ್ತಿ ಬುಡಮೇಲಾಗುತ್ತದೆ.

ನನ್ನ ಅಭಿಪ್ರಾಯ ಇದು. ಬಿಲ್ಲು ಇಟ್ಟುಕೊಳ್ಳುವ ಶಿಸ್ತು ಇಲ್ಲದ, ಒಬ್ಬರೇ ನಡೆಸುವ ಅಂಗಡಿಗೆ ತೆರಿಗೆ ಸ್ವಲ್ಪ ಜಾಸ್ತಿಯಾದರೂ ಕಾಂಪೋಸಿಷನ್ನೇ ನೆಮ್ಮದಿ. ಕಂಪ್ಯೂಟರ್ ಬಿಲ್ಲು ಹಾಕುವ, ವರ್ಷಕ್ಕೆ ಒಂದು ಕೋಟಿ ಹತ್ತಿರ ಇರುವ ದಿನಸಿ ಅಂಗಡಿ ರೆಗ್ಯುಲರ್ ಲೆಕ್ಕ ಹಾಕದೆ ಕಾಂಪೋಸಿಷನ್‌ಗೆ ಹೋಗಬಾರದು. ಹೋಟೆಲ್‌ಗೋ ಅಂಗಡಿಗೋ ಬಿಲ್ಲಿನ ಮೇಲೆ ಸರಕು ಹಾಕುವವರಿಗೆ ರೆಗ್ಯುಲರ್ ಬಿಟ್ಟು ದಾರಿಯಿಲ್ಲ, ಯಾಕೆಂದರೆ ಕೊಳ್ಳುವವರಿಗೆ ತೆರಿಗೆ ಬಿಲ್ಲು ಬೇಕು.

ಹೋಟೆಲ್‌ನವರ ಲೆಕ್ಕ ಬೇರೆ. ಸಾಮಾನ್ಯ ಹೋಟೆಲ್‌ಗೆ ರೆಗ್ಯುಲರ್‌ನಲ್ಲೂ ಶೇ. 5, ಕಾಂಪೋಸಿಷನ್‌ನಲ್ಲೂ ಶೇ. 5, ಎರಡರಲ್ಲೂ ಕೊಳ್ಳುವಾಗಿನ ತೆರಿಗೆ ವಾಪಸ್ ಇಲ್ಲ. ವ್ಯತ್ಯಾಸ ಒಂದೇ: ರೆಗ್ಯುಲರ್‌ನಲ್ಲಿ ಆ ಶೇ. 5ನ್ನು ಗಿರಾಕಿಯ ಬಿಲ್ಲಿಗೆ ಸೇರಿಸಬಹುದು, ಕಾಂಪೋಸಿಷನ್‌ನಲ್ಲಿ ನಿಮ್ಮ ಕೈಯಿಂದ ಹೋಗುತ್ತದೆ. ಆದರೂ ಎಷ್ಟೋ ದರ್ಶಿನಿಯವರು 'ಕಾಂಪೋಸಿಷನ್ ಅಗ್ಗ' ಅಂತ ನಂಬಿಕೊಂಡೇ ಇದ್ದಾರೆ.

## ಹಂತ 5: ನೋಂದಣಿ

ಜಿಎಸ್‌ಟಿ ಪೋರ್ಟಲ್‌ನಲ್ಲಿ ನೋಂದಣಿಗೆ ಸರ್ಕಾರಿ ಶುಲ್ಕ ಇಲ್ಲ. ಯಾರಾದರೂ 'ಗವರ್ನಮೆಂಟ್ ಫೀಸು' ಅಂತ ಕೇಳಿದರೆ ಅದು ಅವರ ಫೀಸು.

ಬೇಕಾದ್ದು ಇಷ್ಟು: ಪ್ಯಾನ್, ಮೊಬೈಲ್‌ಗೆ ಜೋಡಿಸಿದ ಆಧಾರ್, ಫೋಟೋ, ಅಂಗಡಿ ಜಾಗದ ದಾಖಲೆ, ಬ್ಯಾಂಕ್ ವಿವರ. ಜಾಗ ಸ್ವಂತದ್ದಾದರೆ ಕಂದಾಯ ರಸೀದಿ ಅಥವಾ ಕರೆಂಟ್ ಬಿಲ್ಲು. ಬಾಡಿಗೆಯದಾದರೆ ಕರಾರು ಪತ್ರ ಮತ್ತು ಮಾಲೀಕರ ಕರೆಂಟ್ ಬಿಲ್ಲು. ಮನೆಯವರ ಹೆಸರಿನ ಜಾಗವಾದರೆ ಅವರ ಒಪ್ಪಿಗೆ ಪತ್ರವೂ ಬೇಕು.

ಮೊದಲ ಭಾಗದಲ್ಲಿ ಪ್ಯಾನ್, ಮೊಬೈಲ್, ಇಮೇಲ್ ಹಾಕಿದರೆ ಓಟಿಪಿ ಬಂದು ತಾತ್ಕಾಲಿಕ ಸಂಖ್ಯೆ ಸಿಗುತ್ತದೆ. ಅದು 15 ದಿನ ಮಾತ್ರ ಇರುತ್ತದೆ, ಅಷ್ಟರೊಳಗೆ ಎರಡನೇ ಭಾಗ ಮುಗಿಸಿ. ಕಾಂಪೋಸಿಷನ್ ಬೇಕಾದವರು ಇದೇ ಅರ್ಜಿಯಲ್ಲಿ 'ಹೌದು' ಅಂತ ಆರಿಸಬೇಕು. ಮರೆತರೆ ರೆಗ್ಯುಲರ್ ಆಗಿಬಿಡುತ್ತೀರಿ, ಮುಂದಿನ ಹಣಕಾಸು ವರ್ಷಕ್ಕೆ ಮಾರ್ಚ್ 31ರೊಳಗೆ ಬದಲಾಯಿಸಿಕೊಳ್ಳುವವರೆಗೆ ಹಾಗೇ ಇರಬೇಕು. ಇದೊಂದು ಟಿಕ್ ತಪ್ಪಿ ವರ್ಷವಿಡೀ ಪರದಾಡುವವರು ತುಂಬಾ ಜನ.

2025ರ ನವೆಂಬರ್ 1ರಿಂದ ಒಂದು ಸರಳ ದಾರಿಯೂ ಬಂದಿದೆ. ನೋಂದಣಿ ಇರುವ ವ್ಯಾಪಾರಿಗಳಿಗೆ ನೀವು ಮಾರುವ ಸರಕಿನ ಮೇಲಿನ ತೆರಿಗೆ ತಿಂಗಳಿಗೆ 2.5 ಲಕ್ಷ ರೂ. ದಾಟದಿದ್ದರೆ, ಆಧಾರ್ ದೃಢೀಕರಣ ಮಾಡಿಸಿ ಮೂರು ಕೆಲಸದ ದಿನಗಳಲ್ಲಿ ನೋಂದಣಿ ಪಡೆಯಬಹುದು. ಮಾಮೂಲಿ ದಾರಿಯಲ್ಲಿ ಹೋದವರಿಗೆ ಅಧಿಕಾರಿ ಏನಾದರೂ ಪ್ರಶ್ನೆ ಕೇಳಿದರೆ ಏಳು ಕೆಲಸದ ದಿನಗಳಲ್ಲಿ ಉತ್ತರ ಹಾಕಬೇಕು. ಉತ್ತರ ಹಾಕದೆ ತಿರಸ್ಕಾರ ಆಗುವ ಅರ್ಜಿಗಳಲ್ಲಿ ಮಾಮೂಲಿ ಕೊರತೆ ಜಾಗದ ದಾಖಲೆಯೇ. ಕರೆಂಟ್ ಬಿಲ್ಲಿನ ಹೆಸರು, ಕರಾರು ಪತ್ರದ ಹೆಸರು ಹೊಂದುವುದಿಲ್ಲ.

ಎಚ್ಚರಿಕೆ: ಅರ್ಜಿಯಲ್ಲಿ ನಿಮ್ಮದೇ ಮೊಬೈಲ್, ನಿಮ್ಮದೇ ಇಮೇಲ್ ಇರಬೇಕು. ಮಾಡಿಸಿಕೊಡುವವರು ಅನುಕೂಲಕ್ಕೆ ಅಂತ ತಮ್ಮದನ್ನು ಹಾಕಿಬಿಡುತ್ತಾರೆ. ಆಮೇಲೆ ಇಲಾಖೆಯ ನೋಟಿಸ್, ಓಟಿಪಿ ಎಲ್ಲಾ ಅವರಿಗೆ ಹೋಗುತ್ತದೆ. ನಿಮಗೆ ಗೊತ್ತಾಗುವಷ್ಟರಲ್ಲಿ ಉತ್ತರ ಕೊಡುವ ಗಡುವು ಮುಗಿದಿರುತ್ತದೆ. ಪಾಸ್‌ವರ್ಡ್ ನಿಮ್ಮ ಕೈಯಲ್ಲೇ ಇರಲಿ.

ಕರ್ನಾಟಕದ ಜಿಎಸ್‌ಟಿ ಸಂಖ್ಯೆ 29ರಿಂದ ಶುರುವಾಗುತ್ತದೆ, 15 ಅಕ್ಷರ ಇರುತ್ತದೆ, ಮಧ್ಯದಲ್ಲಿ ನಿಮ್ಮ ಪ್ಯಾನ್ ಕಾಣುತ್ತದೆ. ಬಂದ ತಕ್ಷಣ ನೋಡಿಕೊಳ್ಳಿ. ಪ್ರಮಾಣಪತ್ರವನ್ನು ಅಂಗಡಿಯಲ್ಲಿ ತೂಗುಹಾಕಿ. ಕಾಂಪೋಸಿಷನ್‌ನವರು ತಾವು ಕಾಂಪೋಸಿಷನ್‌ನಲ್ಲಿ ಇದ್ದೇವೆ ಅಂತ ಬೋರ್ಡಿನಲ್ಲೂ ಬಿಲ್ಲಿನಲ್ಲೂ ಬರೆಯಬೇಕು. ಬ್ಯಾಂಕ್ ಖಾತೆ ವಿವರ ಅರ್ಜಿಯಲ್ಲಿ ಕೊಟ್ಟಿಲ್ಲದಿದ್ದರೆ 30 ದಿನದೊಳಗೆ, ಮೊದಲ ಜಿಎಸ್‌ಟಿಆರ್-1 (ಮಾರಾಟದ ವಿವರ ಕೊಡುವ ರಿಟರ್ನ್) ಹಾಕುವುದಕ್ಕೂ ಮೊದಲೇ, ಸೇರಿಸಿ.

## ಹಂತ 6: ಗಡುವುಗಳು

ಕಾಂಪೋಸಿಷನ್: ಮೂರು ತಿಂಗಳಿಗೊಮ್ಮೆ ಸಿಎಂಪಿ-08 (ತೆರಿಗೆ ಕಟ್ಟುವ ಫಾರಂ), ಮುಂದಿನ ತಿಂಗಳ 18ರೊಳಗೆ. ಅಂದರೆ ಜುಲೈ, ಅಕ್ಟೋಬರ್, ಜನವರಿ, ಏಪ್ರಿಲ್ 18. ವರ್ಷದ ರಿಟರ್ನ್ ಆದ ಜಿಎಸ್‌ಟಿಆರ್-4 ಜೂನ್ 30ರೊಳಗೆ. ನಾಲ್ಕು ಸಲ ಹಣ ಕಟ್ಟಿ ಐದನೆಯದನ್ನು ಮರೆಯುವುದು ಮಾಮೂಲಿ. ಹಣ ಕಟ್ಟಿದ್ದರೂ ಜಿಎಸ್‌ಟಿಆರ್-4 ಹಾಕದಿದ್ದರೆ ದಂಡ ಇದೆ.

ರೆಗ್ಯುಲರ್: 5 ಕೋಟಿವರೆಗಿನ ವಹಿವಾಟಿಗೆ ಮೂರು ತಿಂಗಳಿಗೊಮ್ಮೆ ರಿಟರ್ನ್ ಹಾಕುವ ಆಯ್ಕೆ ಇದೆ. ಮೂರು ತಿಂಗಳು ಮುಗಿದ ಮೇಲಿನ ತಿಂಗಳಲ್ಲಿ ಜಿಎಸ್‌ಟಿಆರ್-1 13ರೊಳಗೆ, ಕರ್ನಾಟಕದವರಿಗೆ ತೆರಿಗೆ ಲೆಕ್ಕ ತೋರಿಸಿ ಕಟ್ಟುವ ಜಿಎಸ್‌ಟಿಆರ್-3ಬಿ 22ರೊಳಗೆ. ಮೊದಲ ಎರಡು ತಿಂಗಳ ತೆರಿಗೆಯನ್ನು ಆಯಾ ಮುಂದಿನ ತಿಂಗಳ 25ರೊಳಗೆ ಕಟ್ಟಬೇಕು. ರಿಟರ್ನ್ ಮೂರು ತಿಂಗಳಿಗೊಮ್ಮೆ ಅಂದರೆ ಹಣವೂ ಮೂರು ತಿಂಗಳಿಗೊಮ್ಮೆ ಅಲ್ಲ. ಇಲ್ಲಿ ಶೇ. 18 ಬಡ್ಡಿ ಬೀಳುತ್ತದೆ.

ವ್ಯಾಪಾರವೇ ಆಗಿಲ್ಲ ಅಂದರೂ ಶೂನ್ಯ ರಿಟರ್ನ್ ಹಾಕಲೇಬೇಕು. ತಡವಾದರೆ ಶೂನ್ಯ ಜಿಎಸ್‌ಟಿಆರ್-3ಬಿಗೆ ದಿನಕ್ಕೆ 20 ರೂ., ಮಾರಾಟ ಇದ್ದದ್ದಕ್ಕೆ 50 ರೂ. ಶೂನ್ಯ ರಿಟರ್ನ್ ಎಸ್‌ಎಂಎಸ್‌ನಲ್ಲೂ ಹಾಕಬಹುದು, ಸುಮ್ನೆ ದಂಡ ಕಟ್ಟಬೇಡಿ. ಗಡುವು ಮುಗಿದು ಮೂರು ವರ್ಷ ಕಳೆದ ರಿಟರ್ನನ್ನು ಪೋರ್ಟಲ್ ಈಗ ತೆಗೆದುಕೊಳ್ಳುವುದೇ ಇಲ್ಲ.

## ಹಂತ 7: ನೋಟಿಸ್ ಬಂದಿದ್ದರೆ

ಮೊದಲು ದಿನಾಂಕ, ಉತ್ತರದ ಗಡುವು, ಯಾವ ವರ್ಷದ್ದು, ಯಾವ ಕಚೇರಿಯದ್ದು ಅಂತ ಬರೆದುಕೊಳ್ಳಿ. ನೋಂದಣಿ ಇದ್ದವರು ಪೋರ್ಟಲ್ ಒಳಗೆ ಹೋಗಿ ಅದೇ ನೋಟಿಸ್ ಇದೆಯಾ ನೋಡಿ. ಇಲ್ಲದವರು ನೋಟಿಸ್ ಹಿಡಿದು ಕಚೇರಿಗೆ ಹೋಗಿ ಖಚಿತ ಮಾಡಿಕೊಳ್ಳಿ. ಫೋನಿನಲ್ಲಿ 'ಅರ್ಧ ಕಟ್ಟಿ, ಸೆಟಲ್ ಮಾಡ್ತೀವಿ' ಅಂದವರಿಗೆ ಒಂದು ರೂಪಾಯಿಯನ್ನೂ ಕಳಿಸಬೇಡಿ.

ಹಂತ 1ರಲ್ಲಿ ಮಾಡಿದ ಕೋಷ್ಟಕವೇ ನಿಮ್ಮ ಉತ್ತರ. ಒಂದು ಪುಟದ ಪತ್ರ ಸಾಕು: ಒಟ್ಟು ಜಮಾ ಇಷ್ಟು, ಅದರಲ್ಲಿ ವ್ಯಾಪಾರದ್ದಲ್ಲದ್ದು ಇಷ್ಟು, ತೆರಿಗೆ ಇಲ್ಲದ ಸರಕು ಇಷ್ಟು, ತೆರಿಗೆ ಇರುವುದು ಇಷ್ಟು. ಪ್ರತಿ ಸಾಲಿಗೂ ದಾಖಲೆ ಹಿಂದೆ ಲಗತ್ತಿಸಿ. ಕೈಸಾಲಕ್ಕೆ ಕೊಟ್ಟವರ ಒಂದು ಸಾಲಿನ ಪತ್ರ, ಚೀಟಿಗೆ ಪಾಸ್‌ಬುಕ್ಕು, ಹಾಲಿಗೆ ಕೊಂಡ ಬಿಲ್ಲು. ಕಚೇರಿಯಲ್ಲಿ ಕೊಟ್ಟರೆ ನಕಲಿನ ಮೇಲೆ ಸೀಲು, ದಿನಾಂಕ ಹಾಕಿಸಿಕೊಳ್ಳಿ. ಖುದ್ದಾಗಿ ವಿಚಾರಣೆಗೆ ಅವಕಾಶ ಬೇಕು ಎಂದು ಪತ್ರದಲ್ಲೇ ಬರೆಯಿರಿ. ಅದು ಕಾನೂನು ಕೊಟ್ಟಿರುವ ಹಕ್ಕು.

ಆದೇಶ ವಿರುದ್ಧವಾಗಿ ಬಂದರೆ ಮೂರು ತಿಂಗಳೊಳಗೆ ಮೇಲ್ಮನವಿ ಹಾಕಬಹುದು. ತಕರಾರಿನ ತೆರಿಗೆಯ ಶೇ. 10 ಮೊದಲು ಕಟ್ಟಬೇಕು. ಈ ಹಂತಕ್ಕೆ ಒಬ್ಬ ಆಡಿಟರ್ ಅಥವಾ ತೆರಿಗೆ ವಕೀಲರು ಬೇಕೇ ಬೇಕು.

## ಹಂತ 8: ಆದಾಯ ತೆರಿಗೆ, ಕೆಲಸದವರು, ಮನೆ

ಜಿಎಸ್‌ಟಿಯಲ್ಲಿ 53 ಲಕ್ಷ ತೋರಿಸಿ ಆದಾಯ ತೆರಿಗೆಯಲ್ಲಿ 20 ಲಕ್ಷ ತೋರಿಸಿದರೆ ಸಿಕ್ಕಿಬೀಳುತ್ತೀರಿ. ಎರಡೂ ಕಡೆ ಒಂದೇ ವಹಿವಾಟು ಇರಲಿ. ಭಯ ಬೇಡ, ವಹಿವಾಟು ಬೇರೆ, ಆದಾಯ ಬೇರೆ. ಅಂದಾಜು ಲಾಭದ ಪದ್ಧತಿಯಲ್ಲಿ ಡಿಜಿಟಲ್ ಮಾರಾಟಕ್ಕೆ ಕನಿಷ್ಠ ಶೇ. 6, ನಗದಿಗೆ ಶೇ. 8 ಲಾಭ ತೋರಿಸಬೇಕು. 44 ಲಕ್ಷಕ್ಕೆ 2,64,000, 9 ಲಕ್ಷಕ್ಕೆ 72,000, ಒಟ್ಟು 3,36,000. ನಿಜವಾದ ಲಾಭ ಇದಕ್ಕಿಂತ ಜಾಸ್ತಿ ಇದ್ದರೆ ಜಾಸ್ತಿಯೇ ತೋರಿಸಿ. ಸ್ಕ್ಯಾನರ್ ಇಟ್ಟವರಿಗೆ ಇಲ್ಲಿ ಶೇ. 2 ಅನುಕೂಲವೇ ಇದೆ ಅಲ್ವಾ?

2025-26ರಿಂದ ಹೊಸ ಪದ್ಧತಿಯಲ್ಲಿ 4 ಲಕ್ಷದವರೆಗೆ ತೆರಿಗೆಯೇ ಇಲ್ಲ, 12 ಲಕ್ಷದವರೆಗಿನ ಆದಾಯಕ್ಕೆ ರಿಯಾಯಿತಿಯಿಂದ ತೆರಿಗೆ ಶೂನ್ಯ. ಸಂಬಳದವರಿಗೆ 75,000 ಕಡಿತ ಸೇರಿ 12.75 ಲಕ್ಷ. ಆದರೆ ತೆರಿಗೆ ಇಲ್ಲ ಅಂದರೆ ರಿಟರ್ನ್ ಬೇಡ ಅಂತ ಅರ್ಥ ಅಲ್ಲ. ಆದಾಯ 4 ಲಕ್ಷ ದಾಟಿದರೆ ರಿಟರ್ನ್ ಹಾಕಬೇಕು. ವ್ಯಾಪಾರದ ವಹಿವಾಟು 60 ಲಕ್ಷ ದಾಟಿದರೆ ಲಾಭ ಎಷ್ಟೇ ಇದ್ದರೂ ಹಾಕಬೇಕು. ಷೇರು ಮಾರಿ ಬಂದ ಲಾಭಕ್ಕೆ ಈ 12 ಲಕ್ಷದ ರಿಯಾಯಿತಿ ಸಿಗುವುದಿಲ್ಲ. 2026ರ ಏಪ್ರಿಲ್ 1ರಿಂದ ಹೊಸ ಆದಾಯ ತೆರಿಗೆ ಕಾಯ್ದೆ ಬಂದಿದ್ದರೂ 2025-26ರ ಆದಾಯದ ರಿಟರ್ನ್ ಹಳೆ ಕಾಯ್ದೆಯ ಪ್ರಕಾರವೇ.

ಅಂಗಡಿಯಲ್ಲಿ ಕೆಲಸದವರಿಗೆ ತಿಂಗಳಿಗೆ 25,000 ಅಥವಾ ಜಾಸ್ತಿ ಸಂಬಳ ಇದ್ದರೆ ವೃತ್ತಿ ತೆರಿಗೆ ಹಿಡಿಯಬೇಕು: ತಿಂಗಳಿಗೆ 200, ಫೆಬ್ರವರಿಯಲ್ಲಿ 300. ಆ 300 ಬಂದದ್ದು 2025ರ ಏಪ್ರಿಲ್‌ನಿಂದ. ಹಳೆ ಲೆಕ್ಕದಲ್ಲೇ ಹಿಡಿಯುತ್ತಿದ್ದರೆ ಸರಿಮಾಡಿಕೊಳ್ಳಿ.

ಮನೆಗೆ ಸಂಬಂಧಿಸಿ ಒಂದು ಮಾತು. ನಿಮ್ಮ ಹೆಸರಲ್ಲೋ ಕುಟುಂಬಕ್ಕೆ ಸೇರಿಯೋ ತೆಗೆದ ಆರೋಗ್ಯ ವಿಮೆ, ಜೀವ ವಿಮೆಯ ಕಂತಿಗೆ 2025ರ ಸೆಪ್ಟೆಂಬರ್ 22ರಿಂದ ಜಿಎಸ್‌ಟಿ ಇಲ್ಲ. ಮೊದಲು ಆರೋಗ್ಯ ವಿಮೆಯ ಕಂತಿಗೆ ಶೇ. 18 ಇತ್ತು. ಈ ವರ್ಷದ ರಸೀದಿಯಲ್ಲಿ ತೆರಿಗೆಯ ಸಾಲು ಶೂನ್ಯ ಇದೆಯಾ ನೋಡಿ. ಕಂಪನಿಯವರು ಕೆಲಸಗಾರರಿಗೆಲ್ಲ ಸೇರಿಸಿ ಮಾಡಿಸುವ ಗುಂಪು ವಿಮೆಗೆ ಇದು ಅನ್ವಯಿಸುವುದಿಲ್ಲ.

## ಅಂಗಡಿ ಮುಚ್ಚಿದರೆ ಅಥವಾ ವಹಿವಾಟು ಇಳಿದರೆ

ನೋಂದಣಿಯನ್ನು ಹಾಗೇ ಬಿಟ್ಟು ಹೋಗಬೇಡಿ. ರಿಟರ್ನ್ ಹಾಕದೆ ಬಿಟ್ಟರೆ ಇಲಾಖೆಯೇ ರದ್ದು ಮಾಡಬಹುದು. ಹಾಗಂತ ಬಾಕಿ ರಿಟರ್ನ್, ದಂಡ ರದ್ದಾಗುವುದಿಲ್ಲ. ಬಾಕಿ ಎಲ್ಲಾ ಮುಗಿಸಿ, ಪೋರ್ಟಲ್‌ನಲ್ಲಿ ನೀವೇ ರದ್ದತಿಗೆ ಅರ್ಜಿ ಹಾಕಿ. ರೆಗ್ಯುಲರ್‌ನವರು ರದ್ದಾದ ಮೇಲೆ ಮೂರು ತಿಂಗಳೊಳಗೆ ಕೊನೆಯ ರಿಟರ್ನ್ ಜಿಎಸ್‌ಟಿಆರ್-10 ಹಾಕಬೇಕು, ಅಂಗಡಿಯಲ್ಲಿ ಉಳಿದ ಸರಕಿನ ಲೆಕ್ಕವನ್ನೂ ಅದರಲ್ಲೇ ಕೊಡಬೇಕು.